ಪತ್ರಿಕೆ ನಿಂತ ಮೇಲಿನ 54 ವರ್ಷ: ಡಿ.ವಿ.ಜಿ. ಬದುಕಿನ ಒಂದು ಪ್ರಕರಣ ಅಧ್ಯಯನ

1921ರಲ್ಲಿ ಬೆಂಗಳೂರಿನ ಒಂದು ಇಂಗ್ಲಿಷ್ ಪತ್ರಿಕೆ ನಿಂತುಹೋಯಿತು. ಹೆಸರು ‘ಕರ್ನಾಟಕ’. ವಾರಕ್ಕೆ ಎರಡು ಸಲ ಬರುತ್ತಿದ್ದ ಈ ಅರ್ಧ ಸಾಪ್ತಾಹಿಕ 1913ರಿಂದ ನಡೆದುಬಂದಿತ್ತು. ಪತ್ರಿಕೆಗಳು ಹುಟ್ಟುವುದೂ ಸಾಯುವುದೂ ಆ ಕಾಲದಲ್ಲಿ ದೊಡ್ಡ ಸುದ್ದಿಯಲ್ಲ. ಆದರೆ ಇದರ ಸಂಪಾದಕರಿಗೆ ಆಗ 34 ವರ್ಷ. ಮೆಟ್ರಿಕ್ಯುಲೇಷನ್ ದಾಟಿರಲಿಲ್ಲ, ಸರ್ಕಾರಿ ಚಾಕರಿ ಇರಲಿಲ್ಲ. ಕೈಹತ್ತಿದ ಕಸುಬೆಂದರೆ ಪತ್ರಿಕೆಗೆ ಬರೆಯುವುದೊಂದೇ. ಅಲ್ಲಿಂದಾಚೆಗೆ ಅವರು ಇನ್ನೂ 54 ವರ್ಷ ಬದುಕಿದರು.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪ ಎಂದರೆ ಇವತ್ತಿನ ಓದುಗರಿಗೆ ‘ಮಂಕುತಿಮ್ಮನ ಕಗ್ಗ’. ಅದು ಅಚ್ಚಾದದ್ದು 1943ರಲ್ಲಿ, ಅವರ 56ನೆಯ ವಯಸ್ಸಿಗೆ. ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಶುರುವಾದದ್ದು 1945ರಲ್ಲಿ. 1921ಕ್ಕೂ 1945ಕ್ಕೂ ನಡುವೆ 24 ವರ್ಷ ಇದೆ. ಪತ್ರಿಕೆ ಕೈಬಿಟ್ಟ ಪತ್ರಕರ್ತರೊಬ್ಬರು ಸರ್ಕಾರದ ಸಂಬಳವಿಲ್ಲದೆ, ಪಕ್ಷದ ಬೆನ್ನಿಲ್ಲದೆ ಸಾರ್ವಜನಿಕ ಕೆಲಸವನ್ನು ಹೇಗೆ ಮುಂದುವರಿಸಿದರು, ಎಲ್ಲಿ ಅದು ಫಲಿಸಿತು, ಎಲ್ಲಿ ಫಲಿಸಲಿಲ್ಲ ಎಂಬುದು ಈ ಬರಹದ ವಿಷಯ. ಸಂತರ ಚರಿತ್ರೆಯಂತೆ ಬರೆಯುವ ರೂಢಿ ಡಿ.ವಿ.ಜಿ. ವಿಷಯದಲ್ಲಿ ಬಲವಾಗಿದೆ. ಅದರಿಂದ ಅವರ ಕೆಲಸದ ಕಟ್ಟೋಣ ಕಾಣದೆ ಹೋಗುತ್ತದೆ.

ಪತ್ರಿಕೆಗೆ ಮುಂಚೆ

ಹುಟ್ಟಿದ್ದು 1887ರ ಮಾರ್ಚ್ 17, ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ಓದು ನಿಂತ ಮೇಲೆ ಸ್ವಲ್ಪ ದಿನ ಉಪಾಧ್ಯಾಯಗಿರಿ, ಸ್ವಲ್ಪ ದಿನ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಸೋಡಾ ಕಾರ್ಖಾನೆಯ ಕೆಲಸ. ಬೆಂಗಳೂರಿಗೆ ಬಂದಮೇಲೆ ಜಟಕಾ ಗಾಡಿಗಳಿಗೆ ಬಣ್ಣ ಹಚ್ಚುವ ಕಡೆಯೂ ಕೈಯಿಟ್ಟು ನೋಡಿದ್ದುಂಟು. ‘ಸೂರ್ಯೋದಯ ಪ್ರಕಾಶಿಕೆ’ಯಂಥ ಪತ್ರಿಕೆಗಳಲ್ಲಿ ವರದಿ ಬರೆಯುತ್ತ ಕಸುಬು ಕಲಿತರು.

1908ರಲ್ಲಿ, ವಿ.ಪಿ. ಮಾಧವರಾವ್ ದಿವಾನರಾಗಿದ್ದಾಗ, ಮೈಸೂರು ಸಂಸ್ಥಾನ ವೃತ್ತಪತ್ರಿಕೆಗಳ ಮೇಲೆ ಒಂದು ನಿಯಮ ತಂದಿತು. ಸರ್ಕಾರದ ಪೂರ್ವಾನುಮತಿ ಇಲ್ಲದೆ ಪತ್ರಿಕೆ ಹೊರಡಿಸುವಂತಿಲ್ಲ; ಕೊಟ್ಟ ಅನುಮತಿಯನ್ನು ಸರ್ಕಾರವೇ ಹಿಂದಕ್ಕೆ ತೆಗೆದುಕೊಳ್ಳಬಹುದು. ನ್ಯಾಯಾಲಯದಲ್ಲಿ ತಪ್ಪು ಸಾಬೀತಾಗಲಿ ಎಂದು ಕಾಯುವ ಪ್ರಮೇಯವೇ ಇಲ್ಲ. ಮೈಸೂರಿನಲ್ಲಿ ‘ತಾತಯ್ಯ’ ಎಂದೇ ಜನ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ತಾವೇ ನಿಲ್ಲಿಸಿದರು. ಎಳೆಯ ಪತ್ರಕರ್ತರಿಗೆ ಊರಲ್ಲಿ ಕೆಲಸವೇ ಇಲ್ಲದಂತಾಯಿತು. ಡಿ.ವಿ.ಜಿ. ಕೆಲವು ಕಾಲ ಮದರಾಸಿಗೆ ಹೋಗಿ ಅಲ್ಲಿನ ಪತ್ರಿಕೆಗಳಿಗೆ ಬರೆದರು.

ಪರವಾನಗಿ ಇದ್ದರೆ ಮಾತ್ರ ಪತ್ರಿಕೆ ಎನ್ನುವ ಕಡೆ ಸಂಪಾದಕನ ಮುಂದೆ ಮೂರೇ ದಾರಿ: ಮುಚ್ಚಿಕೊಂಡು ಹೋಗುವುದು, ಗಡಿಯಾಚೆ ಬ್ರಿಟಿಷ್ ಇಂಡಿಯಾದಲ್ಲಿ ಕೂತು ಬರೆಯುವುದು, ಇಲ್ಲವೆ ಅನುಮತಿ ಪಡೆದೂ ಮಾತನ್ನು ಕಾನೂನು ಹಿಡಿಯಲಾಗದಷ್ಟು ನಿಖರವಾಗಿ ಆಡುವುದು. ತಾತಯ್ಯನವರದು ಮೊದಲನೆಯದು. ಡಿ.ವಿ.ಜಿ. ಎರಡನೆಯದನ್ನು ಸ್ವಲ್ಪ ಕಾಲ ನೋಡಿ, ಮೂರನೆಯದಕ್ಕೆ ಬಂದರು. ಅವರ ಗದ್ಯದಲ್ಲಿ ವಿಶೇಷಣಗಳು ಕಡಿಮೆ. ಅಂಕಿ, ಕಲಮು, ಪೂರ್ವನಿದರ್ಶನ ಹೆಚ್ಚು. ಅವರ ಸ್ವಭಾವವೇ ಹಾಗಿತ್ತೆನ್ನುವುದುಂಟು. ಸ್ವಭಾವದಷ್ಟೇ 1908ರ ನಿಯಮವೂ ಅದನ್ನು ಕಲಿಸಿತೆಂದು ನಮಗೆ ಕಾಣುತ್ತದೆ.

ವಾರಕ್ಕೆರಡು ಸಂಚಿಕೆ ಎಂದರೆ ಏನು

ವಾರಕ್ಕೆರಡರಂತೆ ವರ್ಷಕ್ಕೆ 104 ಸಂಚಿಕೆ. ಎಂಟು ವರ್ಷ ತಪ್ಪದೆ ನಡೆದರೆ ಲೆಕ್ಕ 800 ದಾಟುತ್ತದೆ. ಮೂರು, ಮೂರೂವರೆ ದಿನಕ್ಕೊಮ್ಮೆ ಅಗ್ರಲೇಖನ, ಟಿಪ್ಪಣಿಗಳು, ಓದುಗರ ಪತ್ರ, ಸಂಸ್ಥಾನದ ಸುದ್ದಿ, ಹೊರಗಿನ ಸುದ್ದಿ, ಜಾಹೀರಾತು ಎಲ್ಲ ಒಂದು ಹಿಡಿಯಾಗಿ ಅಚ್ಚುಕೂಟಕ್ಕೆ ಹೋಗಬೇಕು.

ಆಗಿನ ಅಚ್ಚು ಎಂದರೆ ಕೈಯಿಂದ ಮೊಳೆ ಜೋಡಿಸುವ ಅಚ್ಚು. ಕಂಪೋಸಿಟರ್ ಒಂದೊಂದೇ ಮೊಳೆಯನ್ನು ಗೂಡಿನಿಂದ ಹೆಕ್ಕಿ ಸಾಲು ಕಟ್ಟಿ ಗ್ಯಾಲಿಗೆ ಇಳಿಸುತ್ತಾನೆ. ಕರಡಚ್ಚು ತೆಗೆದು ತಿದ್ದುತ್ತಾರೆ. ತಿದ್ದಿದ ಮೇಲೆ ಚೌಕಟ್ಟಿನಲ್ಲಿ ಬಿಗಿದು ಯಂತ್ರಕ್ಕೆ ಏರಿಸುತ್ತಾರೆ. ಅಚ್ಚಾದಮೇಲೆ ಮೊಳೆಗಳನ್ನು ಮತ್ತೆ ಬಿಡಿಸಿ ಅವವುಗಳ ಗೂಡಿಗೆ ಹಾಕುತ್ತಾರೆ. ಕೊನೆಯ ಈ ಕೆಲಸವೇ ಸಣ್ಣ ಪತ್ರಿಕೆಗಳನ್ನು ಕಾಡುತ್ತಿದ್ದದ್ದು. ಮೊಳೆಯ ದಾಸ್ತಾನು ಕಡಿಮೆ ಇದ್ದರೆ ಹಿಂದಿನ ಸಂಚಿಕೆ ಬಿಚ್ಚುವ ತನಕ ಮುಂದಿನದು ಕಟ್ಟಲಾಗದು. ಸಂಪಾದಕ ಕೊನೆಯ ಗಳಿಗೆಯಲ್ಲಿ ಒಂದು ಪ್ಯಾರಾ ಬದಲಾಯಿಸಿದರೆ ಪುಟವೇ ಸಡಿಲವಾಗುತ್ತದೆ. ಆದ್ದರಿಂದ ಮೊದಲ ಸಲವೇ ಅಳತೆಗೆ ಸರಿಯಾಗಿ ಬರೆಯುವವನಿಗೆ ಅಚ್ಚುಕೂಟದಲ್ಲಿ ಬೆಲೆ.

ಇಂಗ್ಲಿಷಿಗೆ ಸುಮಾರು 150 ಗೂಡುಗಳ ಪೆಟ್ಟಿಗೆ ಸಾಕು. ಗುಣಿತಾಕ್ಷರ, ಒತ್ತಕ್ಷರ ಸೇರಿದರೆ ಕನ್ನಡಕ್ಕೆ ಬೇಕಾಗುವ ಮೊಳೆಗಳ ಬಗೆ ಅದರ ಹಲವು ಪಟ್ಟು; ಬಂಡವಾಳವೂ ಹೆಚ್ಚು, ಜೋಡಣೆಯೂ ನಿಧಾನ. ಪತ್ರಿಕೆ ಇಂಗ್ಲಿಷಿನಲ್ಲಿದ್ದುದಕ್ಕೆ ಇದೊಂದೇ ಕಾರಣವೆಂದಲ್ಲ. ಅದು ಮುಟ್ಟಬೇಕಾದವರು ಹುಜೂರಿನ ಅಧಿಕಾರಿಗಳು, ವಕೀಲರು, ಪ್ರಜಾಪ್ರತಿನಿಧಿ ಸಭೆಯ ಸದಸ್ಯರು, ಬ್ರಿಟಿಷ್ ರೆಸಿಡೆಂಟ್, ಮದರಾಸಿನ ಪತ್ರಿಕಾ ಕಚೇರಿಗಳು. ಇವರೆಲ್ಲ ಇಂಗ್ಲಿಷಿನಲ್ಲಿ ಓದಿ, ಇಂಗ್ಲಿಷಿನಲ್ಲೇ ಕಡತಕ್ಕೆ ಷರಾ ಬರೆಯುವವರು. ಸಾವಿರ ಜನ ಸಾಮಾನ್ಯರು ಓದುವುದಕ್ಕಿಂತ ನೂರು ಜನ ಅಧಿಕಾರಸ್ಥರು ಓದಿದರೆ ನಿಯಮ ಬದಲಾದೀತು ಎಂಬ ಎಣಿಕೆ ಆ ಪೀಳಿಗೆಯ ಸೌಮ್ಯವಾದಿಗಳದು. ಗೋಪಾಲಕೃಷ್ಣ ಗೋಖಲೆಯವರ ದಾರಿಯೂ ಅದೇ.

ಆ ಎಣಿಕೆಯಲ್ಲೇ ಪತ್ರಿಕೆಯ ಹಣಕಾಸಿನ ಸಾವೂ ಅಡಗಿತ್ತು. ಓದುಗರು ನೂರರ ಲೆಕ್ಕದಲ್ಲಿರುವ ಪತ್ರಿಕೆಗೆ ಜಾಹೀರಾತು ಕೊಡುವವರು ವಿರಳ. ಚಂದಾ ಅಂಚೆಯಲ್ಲಿ ಬರಬೇಕು; ಪತ್ರಿಕೆ ತರಿಸಿಕೊಂಡು ಓದಿ, ಹಣ ಕಳಿಸಲು ಮರೆಯುವ ಗೌರವಾನ್ವಿತರು ಎಲ್ಲ ಕಾಲಕ್ಕೂ ಇದ್ದಾರೆ. ಅವರನ್ನು ಪಟ್ಟಿಯಿಂದ ತೆಗೆದರೆ ಪ್ರಭಾವ ಹೋಗುತ್ತದೆ, ಬಿಟ್ಟರೆ ಕಾಗದದ ದುಡ್ಡು ಹೋಗುತ್ತದೆ. ಮೇಲಿನಿಂದ 1914ರ ಮಹಾಯುದ್ಧ. ಅಚ್ಚಿನ ಕಾಗದದ ಬೆಲೆ ಏರಿತು. ಉಳಿದ ಒಂದೇ ದೊಡ್ಡ ಗಿರಾಕಿ ಸರ್ಕಾರ. ಸರ್ಕಾರವನ್ನು ವಿಮರ್ಶಿಸುವ ಪತ್ರಿಕೆ ಸರ್ಕಾರದ ಹಣದಿಂದ ನಡೆದರೆ ಏನಾಗುತ್ತದೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಕಾಲ ಮಾತ್ರ ಪತ್ರಕರ್ತನಿಗೆ ಹಬ್ಬದಂಥದು. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ವಿಶ್ವವಿದ್ಯಾನಿಲಯ, ಆಚೆ ಕನ್ನಂಬಾಡಿ ಕಟ್ಟೆಯ ಕೆಲಸ. 1915ರ ಮೇ ತಿಂಗಳಲ್ಲಿ, ಗೋಖಲೆಯವರು ತೀರಿಕೊಂಡ ಮೂರು ತಿಂಗಳಿಗೆ, ಗಾಂಧಿ ಬೆಂಗಳೂರಿಗೆ ಬಂದು ಗೋಖಲೆಯವರ ಭಾವಚಿತ್ರ ಅನಾವರಣ ಮಾಡಿದರು; ಅವರನ್ನು ಕರೆಸಿದ ಗುಂಪಿನಲ್ಲಿ ಡಿ.ವಿ.ಜಿ. ಇದ್ದರು. ಮೂವತ್ತು ವರ್ಷದ ಮೇಲೆ ಕಟ್ಟಿದ ಸಂಸ್ಥೆಗೆ ಅದೇ ಹೆಸರು ಬಂದದ್ದು ಆಕಸ್ಮಿಕವಲ್ಲ.

ನಿಂತಮೇಲೆ

ಮೊದಲು ಮಾಡಿದ್ದು ಎಲ್ಲ ಪತ್ರಕರ್ತರೂ ಮಾಡುವುದನ್ನೇ: ಇನ್ನೊಂದು ಪತ್ರಿಕೆ. ಇಂಗ್ಲಿಷಿನಲ್ಲಿ ಒಂದು ಪರಾಮರ್ಶೆಯ ಪತ್ರಿಕೆ, ಕನ್ನಡದಲ್ಲಿ ‘ಕರ್ನಾಟಕ ಜನಜೀವನ ಮತ್ತು ಅರ್ಥಸಾಧಕ ಪತ್ರಿಕೆ’. ಹೆಸರಿನ ಉದ್ದ ನೋಡಿದರೇ ಅಂಗಡಿಯಲ್ಲಿ ತೂಗುಹಾಕಿ ಮಾರುವ ಸರಕಲ್ಲವೆಂದು ಗೊತ್ತಾಗುತ್ತದೆ. ಇವೂ ಬಹುಕಾಲ ಬಾಳಲಿಲ್ಲ.

ಇದೇ ಕಾಲದಲ್ಲಿ ಕೆಲಸ ಬೇರೆ ಕಾಲುವೆಗಳಿಗೆ ಹರಿಯತೊಡಗಿತು. 1922ರಲ್ಲಿ ‘ವಸಂತ ಕುಸುಮಾಂಜಲಿ’, 1924ರಲ್ಲಿ ‘ನಿವೇದನ’ ಎಂಬ ಕವನ ಸಂಗ್ರಹಗಳು. 1926ರಿಂದ 1940ರವರೆಗೆ ಮೈಸೂರು ನ್ಯಾಯವಿಧಾಯಕ ಸಭೆಯ ಸದಸ್ಯತ್ವ. 1927ರಿಂದ 1943ರವರೆಗೆ ವಿಶ್ವವಿದ್ಯಾನಿಲಯದ ಸೆನೆಟ್ಟು. ಪದವಿಯೇ ಇಲ್ಲದವರು ಪದವಿ ಕೊಡುವ ಸಭೆಯಲ್ಲಿ. 1928ರಲ್ಲಿ ಬಾಗಲಕೋಟೆಯಲ್ಲಿ ನಡೆದ ಕರ್ನಾಟಕ ಪತ್ರಕರ್ತರ ಮೊದಲ ಸಮ್ಮೇಳನದ ಅಧ್ಯಕ್ಷತೆ. 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1933ರಿಂದ 1937ರವರೆಗೆ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷತೆ.

ಪಟ್ಟಿ ಭರ್ಜರಿಯಾಗಿದೆ, ಆದರೆ ಇವು ಹೊಟ್ಟೆ ಹೊರೆಯುವ ಉದ್ಯೋಗಗಳಲ್ಲ. ಸಭೆಗೆ ಹೋಗಬೇಕು, ಓದಿಕೊಂಡು ಹೋಗಬೇಕು, ಜೀವನಕ್ಕೆ ಬೇರೆ ಏನಾದರೂ ಬರೆಯಬೇಕು. ಈ ಪೈಕಿ ನ್ಯಾಯವಿಧಾಯಕ ಸಭೆಯ ಕೆಲಸ ತಿಳಿಯಬೇಕಾದರೆ ಮೈಸೂರಿನ ರಾಜ್ಯಾಂಗದ ಅಂಗಾಂಗ ಸ್ವಲ್ಪ ಗೊತ್ತಿರಬೇಕು. ದಿವಾನ್ ರಂಗಾಚಾರ್ಲು 1881ರ ಅಕ್ಟೋಬರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಸಲ ಕೂಡಿಸಿದರು. ಅಲ್ಲಿ ಅಹವಾಲು ಹೇಳಬಹುದಿತ್ತು, ಶಾಸನ ಮಾಡುವಂತಿರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರ ಸುಧಾರಣೆಯಲ್ಲಿ ಎರಡಕ್ಕೂ ಶಾಸನದ ಆಧಾರ ಸಿಕ್ಕಿತು. ನ್ಯಾಯವಿಧಾಯಕ ಸಭೆಗೆ 50 ಸದಸ್ಯರು. ಆದರೆ ದಿವಾನರು ಹೊಣೆಯಾಗಿದ್ದದ್ದು ಮಹಾರಾಜರಿಗೆ, ಸಭೆಗಲ್ಲ. ಸಭೆ ವಿರೋಧವಾಗಿ ಮತ ಹಾಕಿದರೂ ಮಂತ್ರಿಮಂಡಲ ಬೀಳುವುದಿಲ್ಲ. ಇಂಥ ಸಭೆಯಲ್ಲಿ ಸದಸ್ಯನ ಕೈಲಿರುವ ಆಯುಧ ಮೂರು: ಪ್ರಶ್ನೆ, ನಿರ್ಣಯ, ಆಯವ್ಯಯದ ಮೇಲಿನ ಭಾಷಣ. ಮೂರಕ್ಕೂ ಪತ್ರಕರ್ತನ ಕೈಚಳಕವೇ ಬೇಕು. ಪತ್ರಿಕೆಯ ಅಗ್ರಲೇಖನವೇ ಇಲ್ಲಿ ನಡವಳಿ ಪುಸ್ತಕಕ್ಕೆ ಸೇರುತ್ತದೆ, ಅದೂ ಸರ್ಕಾರದ ಖರ್ಚಿನಲ್ಲಿ ಅಚ್ಚಾಗಿ.

ಅವರ ರಾಜಕೀಯ ಚಿಂತನೆಯ ಗಟ್ಟಿ ಭಾಗ ದೇಶೀಯ ಸಂಸ್ಥಾನಗಳ ಪ್ರಜೆಗಳ ಸ್ಥಾನ ಕುರಿತದ್ದು. ಕವಿಯಾಗಿ ಅವರನ್ನು ಮೆಚ್ಚುವವರು ಈ ಭಾಗವನ್ನು ಓದುವುದೇ ಇಲ್ಲ. ನಮ್ಮ ಮಟ್ಟಿಗೆ ಅದು ನಷ್ಟ. ಸಮಸ್ಯೆ ಹೀಗಿತ್ತು. ಮೈಸೂರು ಬ್ರಿಟಿಷರಿಗೆ ವರ್ಷಕ್ಕೆ 35 ಲಕ್ಷ ರೂಪಾಯಿ ಪೊಗದಿ, ಅಂದರೆ ಕಪ್ಪ, ಕಟ್ಟುತ್ತಿತ್ತು. 1920ರ ದಶಕದ ಕೊನೆಗೆ ಅದರಲ್ಲಿ 10.5 ಲಕ್ಷ ಇಳಿಯಿತು. ಪೊಗದಿ ರೈತನ ಕಂದಾಯದಿಂದ ಹೋಗುತ್ತದೆ, ಆದರೆ ಪೊಗದಿಯ ಒಪ್ಪಂದ ಮಹಾರಾಜರಿಗೂ ಬ್ರಿಟಿಷ್ ಸಾರ್ವಭೌಮತ್ವಕ್ಕೂ ನಡುವಿನದು. ಮೈಸೂರಿನ ಪ್ರಜೆ ಬ್ರಿಟಿಷ್ ಇಂಡಿಯಾದ ಶಾಸನಸಭೆಗೆ ಮತ ಹಾಕುವಂತಿಲ್ಲ. ಆದರೂ ರೈಲು, ಅಂಚೆ, ಸುಂಕ, ನಾಣ್ಯದ ವಿಷಯದಲ್ಲಿ ಅಲ್ಲಿನ ತೀರ್ಮಾನಗಳು ಅವನ ಮೇಲೆ ಬೀಳುತ್ತವೆ. 1927ರಲ್ಲಿ ಸಂಸ್ಥಾನಗಳ ಪ್ರಶ್ನೆಗೆಂದು ನೇಮಕವಾದ ಬಟ್ಲರ್ ಸಮಿತಿ ರಾಜರ ಮಾತು ಕೇಳಿತು; ಪ್ರಜೆಗಳ ನಿಯೋಗಕ್ಕೆ ಕಿವಿ ಕೊಡಲಿಲ್ಲ. ಡಿ.ವಿ.ಜಿ. ವಾದ ಸರಳ: ಒಪ್ಪಂದದಲ್ಲಿ ರಾಜ ಸಹಿ ಹಾಕುವುದು ಪ್ರಜೆಯ ಪರವಾಗಿ, ಹಾಗಾದರೆ ಒಕ್ಕೂಟ ರಚನೆಯಲ್ಲಿ ಪ್ರಜೆಗೆ ನೇರವಾದ ಜಾಗ ಬೇಕು. 1931ರಲ್ಲಿ ಇದೇ ವಿಷಯಕ್ಕೆ ಒಂದು ಇಡೀ ಇಂಗ್ಲಿಷ್ ಪುಸ್ತಕವನ್ನೇ ಮೀಸಲಿಟ್ಟರು.

ವಾದ ಸರಿಯಿತ್ತು, ದಾರಿ ಹಿಡಿಯಲಿಲ್ಲ. 1938ರ ಏಪ್ರಿಲ್ 25ರಂದು ಆಗಿನ ಕೋಲಾರ ಜಿಲ್ಲೆಯ ವಿದುರಾಶ್ವತ್ಥದಲ್ಲಿ ಬಾವುಟ ಹಾರಿಸಲು ಸೇರಿದ ಜನರ ಮೇಲೆ ಗುಂಡು ಹಾರಿತು. ಅದಾದಮೇಲೆ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರದ ಪ್ರಶ್ನೆ ಕಲಮುಗಳ ಚರ್ಚೆಯಾಗಿ ಉಳಿಯಲಿಲ್ಲ, ಬೀದಿಯ ಪ್ರಶ್ನೆಯಾಯಿತು. 1947ರ ‘ಮೈಸೂರು ಚಲೋ’ ಅದನ್ನು ಮುಗಿಸಿತು. ಜೈಲಿಗೆ ಹೋದವರ ಪೀಳಿಗೆ ಅಧಿಕಾರಕ್ಕೆ ಬಂದಾಗ, ಜ್ಞಾಪನಪತ್ರ ಬರೆದವರ ಪೀಳಿಗೆ ಪಕ್ಕಕ್ಕೆ ಸರಿಯಿತು. ಡಿ.ವಿ.ಜಿ.ಯವರ ರಾಜಕೀಯ ಬರಹ ಗ್ರಂಥಾಲಯಕ್ಕೆ ಸೇರಿ ಚಳವಳಿಯ ನೆನಪಿನಿಂದ ಹೊರಗುಳಿದದ್ದಕ್ಕೆ ಕಾರಣ ಇದೇ.

ಕಗ್ಗದ ಅಳತೆ

ಪತ್ರಿಕೆಯ ನೂರು ಅಧಿಕಾರಸ್ಥ ಓದುಗರಿಂದ ಕನ್ನಡದ ಲಕ್ಷಾಂತರ ಮನೆಗಳಿಗೆ ಡಿ.ವಿ.ಜಿ. ತಲುಪಿದ್ದು ನಾಲ್ಕು ಸಾಲಿನ ಪದ್ಯದಿಂದ. ಕಗ್ಗದಲ್ಲಿ 945 ಪದ್ಯಗಳಿವೆ. ಅದಕ್ಕೂ ಮುಂಚೆ ಉಮರ್ ಖಯ್ಯಾಮನ ಚೌಪದಿಗಳನ್ನು ‘ಉಮರನ ಒಸಗೆ’ಯಾಗಿ ಕನ್ನಡಕ್ಕೆ ತಂದಿದ್ದರು, ನಾಲ್ಕು ಸಾಲಿನಲ್ಲಿ ಒಂದು ಯೋಚನೆ ಮುಗಿಸುವ ಕೈ ಅಲ್ಲಿಯೇ ಪಳಗಿತ್ತು.

ಕಗ್ಗದ ಛಂದಸ್ಸನ್ನು ಯಾರು ಬೇಕಾದರೂ ಬೆರಳಲ್ಲಿ ಎಣಿಸಿ ನೋಡಬಹುದು. ಹ್ರಸ್ವ ಅಕ್ಷರ ಲಘು, ಒಂದು ಮಾತ್ರೆ. ದೀರ್ಘ, ಅನುಸ್ವಾರವಿರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವು ಗುರು, ಎರಡು ಮಾತ್ರೆ. ಐದು ಮಾತ್ರೆ ಸೇರಿದರೆ ಒಂದು ಗಣ. ಮೊದಲನೆಯ, ಮೂರನೆಯ ಸಾಲಿಗೆ ನಾಲ್ಕು ಪೂರ್ತಿ ಗಣ, ಅಂದರೆ 20 ಮಾತ್ರೆ. ಎರಡನೆಯ ಸಾಲಿನಲ್ಲಿ ಮೂರು ಗಣ ಪೂರ್ತಿ, ನಾಲ್ಕನೆಯದು ಮೊಟಕು; ಮೂರೋ ನಾಲ್ಕೋ ಮಾತ್ರೆಗೆ ನಿಂತು ಉಸಿರಿಗೆ ಎಡೆ ಕೊಡುತ್ತದೆ. ನಾಲ್ಕನೆಯ ಸಾಲಿನಲ್ಲಿ ಕವಿಗೆ ಸಿಗುವುದು ಎರಡೇ ಗಣ, ಉಳಿದದ್ದು ಅಂಕಿತಕ್ಕೆ. ‘ಮಂಕುತಿಮ್ಮ’ ಎಂಬ ಹೆಸರನ್ನೇ ಎಣಿಸಿ: ಮಂ ಎರಡು, ಕು ಒಂದು, ತಿಮ್ ಎರಡು, ಅಲ್ಲಿಗೆ ಒಂದು ಗಣ ಸರಿಹೋಯಿತು; ಕೊನೆಯ ಮ ವಿರಾಮಕ್ಕೆ ಬೀಳುತ್ತದೆ. ಜೊತೆಗೆ ನಾಲ್ಕೂ ಸಾಲಿಗೆ ಎರಡನೆಯ ಅಕ್ಷರದ ಆದಿಪ್ರಾಸ.

ಹೀಗೆ ಒಂದು ಪದ್ಯದಲ್ಲಿ ಸ್ವತಂತ್ರವಾಗಿ ಬಳಸಲು ಸಿಗುವುದು ಸುಮಾರು 68 ಮಾತ್ರೆ. ಅಂಚೆಕಾರ್ಡಿನ ಒಂದು ಮೂಲೆಗಾಗುವಷ್ಟು ಜಾಗ. ಅದರಲ್ಲಿ ಪ್ರಶ್ನೆ, ಹೋಲಿಕೆ, ತಿರುವು, ತೀರ್ಪು ನಾಲ್ಕೂ ಕೂರಬೇಕು. ಎಂಟು ವರ್ಷ ಅಳತೆ ಹಿಡಿದು ಅಂಕಣ ತುಂಬಿಸಿದವರ ಕೈಗೆ ಇದು ಪೂರ್ತಿ ಹೊಸ ಶಿಸ್ತಲ್ಲ ಎಂದರೆ ಕಾವ್ಯದ ಅಭಿಮಾನಿಗಳು ಮುನಿಯಬಹುದು.

ಬಿಗಿಗೆ ಬೆಲೆಯನ್ನೂ ತೆರಬೇಕಾಯಿತು. ಗಣ ಹೊಂದಿಸಲು ಅವರು ಹಳಗನ್ನಡದ ವಿಭಕ್ತಿ, ನಡುಗನ್ನಡದ ಕ್ರಿಯಾರೂಪ, ಗಟ್ಟಿ ಸಂಧಿಗಳನ್ನು ಧಾರಾಳವಾಗಿ ಬಳಸುತ್ತಾರೆ. ಗಣ ಮುರಿಯುವ ಜಾಗವೂ ಪದ ಮುರಿಯುವ ಜಾಗವೂ ಬೇರೆ ಬೇರೆ ಬರುತ್ತವೆ. ಹಾಡಿದರೆ ಸಲೀಸು, ಗದ್ಯದಂತೆ ಓದಿದರೆ ತೊಡಕು. ಇವತ್ತು ಮೊಬೈಲಿನಲ್ಲಿ ಹರಿದಾಡುವ ಕಗ್ಗಗಳಲ್ಲಿ ತಪ್ಪಾಗುವುದು ಸಾಮಾನ್ಯವಾಗಿ ಇಲ್ಲಿಯೇ: ಟೈಪು ಮಾಡಿದವರು ‘ಸರಳವಾಗಲಿ’ ಎಂದು ಹಳೆಯ ರೂಪವನ್ನು ಹೊಸದಕ್ಕೆ ತಿದ್ದುತ್ತಾರೆ, ಒಂದು ಮಾತ್ರೆ ಹೆಚ್ಚುತ್ತದೆ ಅಥವಾ ಬೀಳುತ್ತದೆ. ಅನುಮಾನ ಬಂದರೆ ಎಣಿಸಿ ನೋಡಿ. ಮೊದಲ ಸಾಲು 20 ಮಾತ್ರೆಗೆ ನಿಲ್ಲದಿದ್ದರೆ, ಆದಿಪ್ರಾಸ ತಪ್ಪಿದ್ದರೆ ಪಾಠ ಕೆಟ್ಟಿದೆ, ಇಲ್ಲವೆ ಪದ್ಯವೇ ಅವರದಲ್ಲ. ಕೊನೆಗೆ ‘ಮಂಕುತಿಮ್ಮ’ ಅಂಟಿಸಿದ ಮಾತ್ರಕ್ಕೆ ಕಗ್ಗ ಆಗುವುದಿಲ್ಲ.

ಇನ್ನೊಂದು ತಪ್ಪು ಓದಿನದು. 945 ಪದ್ಯಗಳು ಬಿಡಿ ಬಿಡಿ ನೀತಿವಾಕ್ಯಗಳಲ್ಲ. ಪುಸ್ತಕದಲ್ಲಿ ಸಂಶಯಕ್ಕೆ ದೊಡ್ಡ ಜಾಗವಿದೆ: ಲೋಕಕ್ಕೆ ಅರ್ಥವಿದೆಯೆ, ದೇವರೆಂಬುದು ಏನು, ನಂಬಿಕೆಗೆ ಆಧಾರವೇನು ಎಂದು ಕೇಳುವ ಪದ್ಯಗಳ ಸಾಲೇ ಇದೆ. ಒಂದೆಡೆ ಎತ್ತಿದ ಪ್ರಶ್ನೆಗೆ ಇನ್ನೊಂದೆಡೆ ಸಮಾಧಾನ ಬರುತ್ತದೆ, ಅದಕ್ಕೆ ಮತ್ತೊಂದು ಕಡೆ ಆಕ್ಷೇಪ. ಗೋಡೆಗೆ ತೂಗುಹಾಕಲು ಸಮಾಧಾನದ ಪದ್ಯವನ್ನಷ್ಟೇ ಕತ್ತರಿಸಿಕೊಂಡರೆ ಮಂಕುತಿಮ್ಮ ಉಪದೇಶಕನಾಗಿಬಿಡುತ್ತಾನೆ. ಅವನ ಹೆಸರಿನ ಮೊದಲರ್ಧವನ್ನು ಕವಿ ಸುಮ್ಮನೆ ಇಟ್ಟಿಲ್ಲ.

ಸಂಸ್ಥೆ

1945ರ ಫೆಬ್ರುವರಿ 18ರಂದು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಆರಂಭವಾಯಿತು. ಇದರ ನೆಲೆ ನರಸಿಂಹರಾಜ ಕಾಲೋನಿ. ಪುಣೆಯಲ್ಲಿ 1930ರಲ್ಲಿ ಸ್ಥಾಪನೆಯಾದ ಗೋಖಲೆ ಅರ್ಥಶಾಸ್ತ್ರ ಸಂಸ್ಥೆಗೂ ಇದಕ್ಕೂ ಸಂಬಂಧವಿಲ್ಲ. ಎರಡನ್ನೂ ಕಲಸುವವರು ಈಗಲೂ ಇದ್ದಾರೆ. ಪುಣೆಯದು ಸಂಶೋಧನೆ ಮತ್ತು ಪದವಿಯ ಸಂಸ್ಥೆ. ಬೆಂಗಳೂರಿನದು ಪದವಿ ಕೊಡುವುದಿಲ್ಲ. ಅದರ ಕೆಲಸ ಪುಸ್ತಕ ಭಂಡಾರ, ಉಪನ್ಯಾಸ, ಅಧ್ಯಯನ ಗೋಷ್ಠಿ, ಪ್ರಕಟಣೆ. ಮತ ಹಾಕುವವನಿಗೆ ಮತ ಹಾಕುವ ವಿಷಯ ತಿಳಿದಿರಬೇಕು, ಅದನ್ನು ಪಕ್ಷವಾಗಲಿ ಸರ್ಕಾರವಾಗಲಿ ಕಲಿಸಿದರೆ ಬಣ್ಣ ಮೆತ್ತಿಕೊಳ್ಳುತ್ತದೆ, ಆದ್ದರಿಂದ ಮೂರನೆಯ ಒಂದು ಜಾಗ ಬೇಕು ಎನ್ನುವುದು ಅದರ ಹಿಂದಿನ ತರ್ಕ.

ಪತ್ರಿಕೆಯ ಪಕ್ಕದಲ್ಲಿಟ್ಟು ನೋಡಿದರೆ ಸಂಸ್ಥೆಯ ಜಾಣತನ ಕಾಣುತ್ತದೆ. ಪತ್ರಿಕೆ ಮೂರು ದಿನಕ್ಕೊಮ್ಮೆ ಹಣ ನುಂಗುತ್ತದೆ. ಗೋಷ್ಠಿಗೆ ಬೇಕಾದದ್ದು ಜಮಖಾನ, ದೀಪ, ಪುಸ್ತಕ, ಮಾತು. ಒಂದು ವಾರ ಪತ್ರಿಕೆ ಬರದಿದ್ದರೆ ಚಂದಾದಾರ ಹೋಗುತ್ತಾನೆ. ಒಂದು ವಾರ ಗೋಷ್ಠಿ ತಪ್ಪಿದರೆ ಮುಂದಿನ ವಾರ ಅದೇ ಪುಟದಿಂದ ಹಿಡಿಯಬಹುದು. ಪತ್ರಿಕೆಯ ಬರಹ ಮರುದಿನ ಹಳಸುತ್ತದೆ. ಗೋಷ್ಠಿಯ ಪಾಠ ಪುಸ್ತಕವಾಗುತ್ತದೆ. ಭಗವದ್ಗೀತೆಯ ಮೇಲೆ ನಡೆಸಿದ ಪಾಠಗಳು ‘ಜೀವನಧರ್ಮಯೋಗ’ವಾದವು, ಅದಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ರಾಜ್ಯಶಾಸ್ತ್ರ’, ‘ರಾಜ್ಯಾಂಗ ತತ್ತ್ವಗಳು’ ಪುಸ್ತಕಗಳ ಹಿಂದೆಯೂ ಇದೇ ನಾಗರಿಕ ಶಿಕ್ಷಣದ ಗುರಿ ಇದೆ. ಸಾರ್ವಭೌಮತ್ವ, ಪ್ರಾತಿನಿಧ್ಯ, ನ್ಯಾಯಾಂಗ, ಹಕ್ಕುಗಳನ್ನು ಕನ್ನಡ ಪಾರಿಭಾಷಿಕಗಳಲ್ಲಿ ಕಟ್ಟಿಕೊಡುವುದು ಅಲ್ಲಿನ ನಿಜವಾದ ಶ್ರಮ.

ಇಂಥ ವ್ಯವಸ್ಥೆಯ ದೌರ್ಬಲ್ಯವೂ ಗೊತ್ತಿರುವುದೇ. ಅದು ಬಸವನಗುಡಿ, ಚಾಮರಾಜಪೇಟೆಯ ಓದಿದ ವರ್ಗಕ್ಕೆ ಹತ್ತಿರ. ಅದರಾಚೆಗಿನ ಬೆಂಗಳೂರಿಗೆ, ಹಳ್ಳಿಗೆ ದೂರ. ಸಾಯಂಕಾಲ ಎರಡು ಗಂಟೆ ಕೂತು ಕೇಳುವ ಬಿಡುವು ಯಾರಿಗಿದೆ ಎಂಬುದರ ಮೇಲೆ ಕೇಳುವವರ ಜಾತಿ, ಕಸುಬು ತಾವಾಗಿಯೇ ನಿರ್ಧಾರವಾಗಿಬಿಡುತ್ತವೆ. ಆದರೂ ನಡೆಸುವವರು ಹೋದಮೇಲೆ ಉಳಿದ ಸಂಸ್ಥೆ ಇದು; ಕನ್ನಡ ನಾಡಿನ ಖಾಸಗಿ ಸಾರ್ವಜನಿಕ ಸಂಸ್ಥೆಗಳಲ್ಲಿ ಈ ಮಾತು ಹೇಳಬಹುದಾದವು ಹೆಚ್ಚಿಲ್ಲ.

ಕೊನೆಯ ದಶಕಗಳ ಇನ್ನೊಂದು ಕೆಲಸ ‘ಜ್ಞಾಪಕ ಚಿತ್ರಶಾಲೆ’, ಎಂಟು ಸಂಪುಟ. ಸಂಗೀತಗಾರರು, ವೈದಿಕರು, ಸಾಹಿತಿಗಳು, ದಿವಾನರು, ಹೆಸರಿಲ್ಲದ ಒಳ್ಳೆಯವರು, ಹೀಗೆ ಗುಂಪು ಗುಂಪಾಗಿ ವ್ಯಕ್ತಿಚಿತ್ರಗಳು. ಹಳೆಯ ಮೈಸೂರಿನ ಬಗ್ಗೆ ಬರೆಯುವವರೆಲ್ಲ ಇಲ್ಲಿಂದ ತೋಡುತ್ತಾರೆ. ‘ಮೈಸೂರಿನ ದಿವಾನರು’ ಸಂಪುಟ ‘ಕರ್ನಾಟಕ’ ಪತ್ರಿಕೆಯ ಕಾಲದ ಅನುಭವದ ಮರುಹುಟ್ಟು. ಬಳಸುವವರಿಗೆ ಒಂದೇ ಎಚ್ಚರ: ಇವು ಘಟನೆಯಾಗಿ ಹಲವು ದಶಕಗಳ ಮೇಲೆ ನೆನಪಿನಿಂದ ಬರೆದವು. ಸಂಭಾಷಣೆಗಳು ಮಾತಿನ ದಾಟಿಗೆ ಸಾಕ್ಷಿ, ಪದಶಃ ದಾಖಲೆಯಲ್ಲ. ತಾರೀಖು, ಅಂಕಿಗಳನ್ನು ಪ್ರಜಾಪ್ರತಿನಿಧಿ ಸಭೆಯ ನಡವಳಿ, ಮೈಸೂರು ಗೆಜೆಟ್ಟುಗಳ ಜೊತೆ ಹೋಲಿಸಿಯೇ ಬಳಸಬೇಕು. ವ್ಯಕ್ತಿಯ ನಡೆ, ಉಡುಪು, ಕೋಪ, ಊಟದ ಪಂಕ್ತಿ ಇವುಗಳಿಗೆ ಮಾತ್ರ ಬೇರೆಡೆ ಇಂಥ ಆಕರ ಸಿಗುವುದಿಲ್ಲ.

ಹಣ

ಇಷ್ಟೆಲ್ಲ ನಡೆದದ್ದು ಯಾವ ಆದಾಯದ ಮೇಲೆ ಎಂಬ ಪ್ರಶ್ನೆ ಬದಿಗಿಟ್ಟರೆ ಪ್ರಕರಣ ಅರ್ಧವಾಗುತ್ತದೆ. ಖಾಯಂ ಸಂಬಳ ಇಲ್ಲ. ಬರಹ, ಪುಸ್ತಕ, ಸಂಪಾದನೆ ಹೀಗೆ ಹಲವು ಸಣ್ಣ ಮೂಲಗಳು. ಯಾವೊಂದೂ ಬದುಕಿಸುವಷ್ಟು ದೊಡ್ಡದಲ್ಲ, ಹಾಗೆಯೇ ಯಾವೊಂದೂ ನಿಂತರೆ ಮುಳುಗಿಸುವಷ್ಟು ದೊಡ್ಡದಲ್ಲ. ಸ್ವಾತಂತ್ರ್ಯದ ಯಂತ್ರ ಇದೇ: ಒಬ್ಬನೇ ಗಿರಾಕಿಯ ಕೈಗೆ ಜುಟ್ಟು ಕೊಡದಿರುವುದು. ಅದಕ್ಕೆ ಎದುರು ಖರ್ಚನ್ನು ಕೆಳಗಿಟ್ಟಿರಬೇಕು. ಖರ್ಚು ಕೆಳಗಿಡುವುದು ಎಂದರೆ ಮನೆಯವರೂ ಕೆಳಗಿಡುವುದು. ಹೆಂಡತಿ ಭಾಗೀರಥಮ್ಮನವರು ಬೇಗ ತೀರಿಕೊಂಡರು, ಡಿ.ವಿ.ಜಿ. ಮತ್ತೆ ಮದುವೆಯಾಗಲಿಲ್ಲ. ಸಾರ್ವಜನಿಕರ ನಿಸ್ಪೃಹತೆಯನ್ನು ಹೊಗಳುವ ಲೇಖನಗಳಲ್ಲಿ ಆ ಮನೆಯ ಅಡುಗೆಮನೆಯ ಲೆಕ್ಕ ಎಲ್ಲೂ ಬರುವುದಿಲ್ಲ. ಮಗ ಬಿ.ಜಿ.ಎಲ್. ಸ್ವಾಮಿ ಸಸ್ಯವಿಜ್ಞಾನಿಯಾಗಿ, ಮುಂದೆ 1978ರಲ್ಲಿ ‘ಹಸುರು ಹೊನ್ನು’ ಕೃತಿಗೆ ಅಕಾಡೆಮಿ ಪ್ರಶಸ್ತಿ ಪಡೆದರು. ಗದ್ಯ ತಂದೆಯದಕ್ಕಿಂತ ಪೂರ್ತಿ ಬೇರೆ, ಕುಚೋದ್ಯದ ಗದ್ಯ.

ಗೌರವಗಳು ತಡವಾಗಿ ಬಂದವು. 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಗೌರವ ಡಿ.ಲಿಟ್., 1974ರಲ್ಲಿ ಪದ್ಮಭೂಷಣ. 1970ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಸನ್ಮಾನ ಮಾಡಿ ಒಂದು ಲಕ್ಷ ರೂಪಾಯಿಯ ನಿಧಿ ಅರ್ಪಿಸಿದರು. ಅಷ್ಟೂ ಹಣವನ್ನು ಅವರು ಸಂಸ್ಥೆಗೆ ಕೊಟ್ಟರು. ಇದನ್ನು ದಾನ ಎನ್ನುವುದಕ್ಕಿಂತ ಲೆಕ್ಕ ಎನ್ನಬಹುದು: 83ರ ವಯಸ್ಸಿನಲ್ಲಿ ಲಕ್ಷ ರೂಪಾಯಿ ಮನೆಯಲ್ಲಿದ್ದರೆ ಒಂದು ಕುಟುಂಬದ ಆಸ್ತಿ, ಸಂಸ್ಥೆಯಲ್ಲಿದ್ದರೆ ಮುಂದಿನ ಎಷ್ಟೋ ವರ್ಷದ ಗೋಷ್ಠಿ.

ಅವರು ತೀರಿಕೊಂಡದ್ದು 1975ರ ಅಕ್ಟೋಬರ್ 7ರಂದು. ತುರ್ತುಪರಿಸ್ಥಿತಿ ಬಂದು ಮೂರು ತಿಂಗಳಾಗಿತ್ತು, ಪತ್ರಿಕೆಗಳ ಮೇಲೆ ಮತ್ತೆ ಪೂರ್ವಪರಿಶೀಲನೆಯ ಕತ್ತರಿ. ಆಮೇಲೆ ಅವರ ಪೆಟ್ಟಿಗೆ ತೆರೆದಾಗ ಸರ್ಕಾರದಿಂದ ಬಂದಿದ್ದ ಹಳೆಯ ಚೆಕ್ಕುಗಳು ನಗದಾಗದೆ ಹಾಗೇ ಸಿಕ್ಕವೆಂದು ಬೆಂಗಳೂರಿನಲ್ಲಿ ಎಲ್ಲರೂ ಹೇಳುತ್ತಾರೆ. ಹಿಂದಕ್ಕೆ ಕಳಿಸಿದರೆ ಕೊಟ್ಟವರಿಗೆ ಅವಮಾನ, ಬ್ಯಾಂಕಿಗೆ ಹಾಕಿದರೆ ಪತ್ರಕರ್ತನ ಕೈ ಕಟ್ಟಿದಂತೆ. ಪೆಟ್ಟಿಗೆಯಲ್ಲಿಟ್ಟರೆ ಎರಡೂ ತಪ್ಪುತ್ತದೆ. ಚೆಕ್ಕಿಗೆ ಅವಧಿ ಇರುತ್ತದೆ. ಸಿಕ್ಕ ಹೊತ್ತಿಗೆ ಅವು ಬರಿಯ ಕಾಗದ.